ಹಾಲಪ್ಪ ಕೈಗಡ ತಂದ ಕಷ್ಟಗಳು

ಆ ಬೆಳಿಗ್ಗೆ ಮಂಜು ಮೊಣಕಾಲಿನಷ್ಟೇ ಎತ್ತರಕ್ಕೆ ನಿಂತಿತ್ತು. ಅದರ ಮೇಲೆ ಬಿಸಿಲು ತಿಳಿಯಾಗಿ ಹರಡಿತ್ತು, ಕೆಳಗೆ ಮಾತ್ರ ಊರಿಗೆ ಪಾದಗಳೇ ಇರಲಿಲ್ಲ. ಹಸುಗಳು ಕಾಲಿಲ್ಲದೆ ತೇಲಿಕೊಂಡು ಬಂದವು. ಕೋಳಿಯ ಕೂಗು ಕೇಳುತ್ತಿತ್ತು, ಕೋಳಿ ಕಾಣುತ್ತಿರಲಿಲ್ಲ. ನಾನು ಆಂಜನೇಯನ ಗುಡಿಯ ಬಾಗಿಲು ತೆಗೆದು, ಸ್ವಾಮಿಗೆ ಅಭಿಷೇಕ ಮುಗಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತ ಜಗುಲಿಗೆ ಬಂದು ನಿಂತರೆ, ಆ ಮಂಜನ್ನು ಸೀಳಿಕೊಂಡು ಸಾಕವ್ವ ಓಡಿ ಬಂದಳು.

ಸಾಕವ್ವ ಓಡಿದ್ದನ್ನು ನಾನು ಅವಳ ಮದುವೆಯಾದ ಹೊಸತರಲ್ಲಿ ನೋಡಿದ್ದು. ಆಮೇಲೆ ಹಳ್ಳದ ದಡದಲ್ಲಿ ಜಾರಿ ಬಿದ್ದು, ಎರಡು ಮಂಡಿಯೂ ಹೋಗಿ, ಗುಡಿಯ ಹೊಸ್ತಿಲು ದಾಟುವುದಕ್ಕೂ ಬಾಗಿಲ ಚೌಕಟ್ಟು ಹಿಡಿದು "ರಾಮಾ" ಎನ್ನುತ್ತಿದ್ದವಳು.

"ನೋಡುದ್ರಾ ಅಯ್ನೋರೇ! ಬಾವಿಕಟ್ಟೆಯಿಂದ ಒಂದೇ ಉಸುರ್ಗೆ ಬಂದೆ."

"ನೋಡಿದೆ, ನೋಡಿದೆ. ಮಂಡಿನೋವು ಯಾರಿಗೆ ಕೊಟ್ಟೆ?"

"ಇನ್ಯಾರ್ಗೆ, ಗಾಣದ ಹಾಲಪ್ಪಂಗೆ. ಇವತ್ತು ದತ್ತಿಯಮ್ಮ ಬತ್ತಾರಲ್ಲ, ಬಿನ್ನಹಕ್ಕೆ ಬೇಕು ಅಂದ. ಬರೀ ಮಂಡಿನೋವು ಕೊಟ್ರೆ ಏನು ಚೆಂದ ಅಂತ, ಎದೇಲಿತ್ತಲ್ಲ, ನಮ್ ಕೆಂಚಣ್ಣನ ದುಃಖ, ಅದುನ್ನೂ ಸೇರ್ಸಿ ಕೊಟ್ಬುಟ್ಟೆ."

ತೀರಿಕೊಂಡ ಗಂಡನ ಹೆಸರನ್ನು ಅವಳು ಎಷ್ಟು ಹಗುರಾಗಿ ಹೇಳಿದಳೆಂದರೆ, ಹಿತ್ತಲ ಹೀರೇಕಾಯಿ ಪಕ್ಕದ ಮನೆಗೆ ಕೊಟ್ಟೆ ಎಂದಂತಿತ್ತು. ಹೇಳಿದವಳೇ ಪ್ರದಕ್ಷಿಣೆಗೆ ಹೊರಟಳು, ಕುಣಿಯುತ್ತ. ನಾನು ಒಳಗೆ ತಿರುಗಿ ಸ್ವಾಮಿಯ ಮುಖ ನೋಡಿದೆ. ಸ್ವಾಮಿ ಎಂದಿನಂತೆ, ಲಂಕೆಗೆ ಹಾರಲು ನಿಂತವನ ಹಾಗೆ, ದೂರದ ಸಮುದ್ರದ ಕಡೆಗೆ ನೋಡುತ್ತಿದ್ದ.

ನಮ್ಮೂರಿನಲ್ಲಿ ಕಷ್ಟ ಕೈಗಡ ಕೊಡುವುದು, ಇಸಕೊಳ್ಳುವುದು, ಕಾಫಿಪುಡಿ ಕೊಟ್ಟು ಇಸಕೊಂಡಷ್ಟೇ ಸಲೀಸು. ಮಣಿಕಟ್ಟು ಹಿಡಿದು ಒಬ್ಬರು "ತಗೋ" ಎನ್ನಬೇಕು, ಇನ್ನೊಬ್ಬರು "ತಗೊಂಡೆ" ಎನ್ನಬೇಕು. ದೀಪ ಹಚ್ಚಿದ ಮೇಲೆ ಕೊಡಬಾರದು. ವಾಪಸು ಮಾಡುವಾಗ ಬರಿಗೈಲಿ ಮಾಡಬಾರದು, ಒಂದು ಚೂರು ಬೆಲ್ಲ ಜೊತೆಗಿರಬೇಕು. ಮಗಳ ಧಾರೆ ಎರೆಯುವ ದಿನ ಅಪ್ಪ ತನ್ನ ಕೆಮ್ಮನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಾನೆ. ಬೋರಮ್ಮನ ಹಲ್ಲುನೋವನ್ನು ಅವಳ ಓರಗಿತ್ತಿಯರು ಸರದಿಯ ಮೇಲೆ ಇಟ್ಟುಕೊಳ್ಳುತ್ತಾರೆ. ಹಬ್ಬದ ದಿನ ಅದು ಯಾರ ಸರದಿಯೆಂದು ಆ ಮನೆಯಲ್ಲಿ ಜಗಳ. ಹೀಗೆ ಕೊಟ್ಟು ತಗೊಂಡು ನಾವೆಲ್ಲ ಒಂದು ರೀತಿಯಲ್ಲಿ ನಡೆದುಕೊಂಡು ಬಂದಿದ್ದೇವೆ, ಭಗವಂತನ ದಯೆ.

ನಾನು ಗುಡಿಯ ಪೂಜೆಯ ಜೊತೆಗೆ ಊರಿನವರಿಗೆ ಬಿನ್ನಹ ಕಟ್ಟಿಕೊಡುತ್ತೇನೆ. ಇಂಥದ್ದೊಂದು ಕೆಲಸವಾಗಬೇಕು, ಇಷ್ಟು ನೆರವು ಬೇಕು ಎಂದು ಕೊಡುವವರ ಮುಂದೆ ನಿಂತು ಮನಸ್ಸಿಗೆ ನಾಟುವಂತೆ ಕೇಳುವುದೇ ಬಿನ್ನಹ. ದತ್ತಿಯಮ್ಮನೆಂದರೆ ಬೆಟ್ಟದ ಮೇಲಿನ ದತ್ತಿಯಿಂದ ಬರುವ ಹೆಂಗಸು. ಊರೂರು ಸುತ್ತಿ, ಬಿನ್ನಹ ಕೇಳಿ, ಒಪ್ಪಿದರೆ ಕೆಲಸಕ್ಕೆ ಬೇಕಾದ್ದನ್ನು ಕೊಡಿಸುವವರು. ಒಂದು ಊರಿಗೆ ಬಂದು ಹೋದರೆ ಮತ್ತೆ ಅದರ ಸರದಿ ಬರುವ ಹೊತ್ತಿಗೆ ತೊಟ್ಟಿಲಲ್ಲಿದ್ದ ಕೂಸು ಮೀಸೆ ತಿರುವುತ್ತಿರುತ್ತದೆ. ನಮ್ಮ ಬೀದಿಗೆ ಬೇಕಾಗಿದ್ದದ್ದು ಹಳ್ಳಕ್ಕೆ ಇಳಿಯಲು ಮೆಟ್ಟಿಲು. ಬಟ್ಟೆ ಗಂಟು ಹೊತ್ತು ಆ ಪಾಚಿಗಟ್ಟಿದ ಬಂಡೆಯ ಮೇಲೆ ಇಳಿಯುವಾಗ ಬೀಳದ ಹೆಂಗಸು ಬೀದಿಯಲ್ಲಿ ಇರಲಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಮೆಟ್ಟಿಲಾಗದಿದ್ದರೆ ಬರೀ ಮಂಡಿಗೆ ಮುಗಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಬಿನ್ನಹ ಮಾಡುವ ಜವಾಬ್ದಾರಿ ಹೊತ್ತವನು ಹಾಲಪ್ಪ. ಎತ್ತಿನ ಗಾಣದಲ್ಲಿ ಎಣ್ಣೆ ತೆಗೆಯುವವನು. ಆಳು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ತಾಳ್ಮೆ ಮಾತ್ರ ಸಾಸಿವೆಯಷ್ಟು. ಹಿಂದಿನ ದಿನವೇ ಅವನನ್ನು ಕೂರಿಸಿಕೊಂಡು ನಾನು ಹೇಳಿದ್ದೆ:

"ಪೂಜೆಗೆ ಕೂತಾಗ ಸಂಕಲ್ಪ ಹೇಳ್ತೀವಲ್ಲ, ಬಿನ್ನಹಾನೂ ಹಾಗೇ ಕಣಯ್ಯ. ಎಲ್ಲಿ ಕೂತಿದ್ದೀವಿ, ಎಂಥ ಕಾಲ, ನಾವು ಯಾರು ಅನ್ನೋದು ಮೊದಲು. ಏನು ಬೇಕು, ಯಾಕೆ ಬೇಕು ಅನ್ನೋದು ಆಮೇಲೆ. ಅದಾದ ಮೇಲೆ ಯಥಾಶಕ್ತಿ ಅಂತ ಬರುತ್ತಲ್ಲ, ನಮ್ಮ ಕೈಲಿ ಏನಾಗುತ್ತೆ ಅದನ್ನ ಹೇಳಬೇಕು. ಹೆಂಗೆ ಮಾಡ್ತೀವಿ ಅಂತ ಹೇಳಬೇಕು. ಕೊನೆಗೆ ಪ್ರಸಾದ ಯಾರ್ಯಾರಿಗೆ ಸೇರುತ್ತೆ, ಪೂಜೆ ಮುಗಿದ ಮೇಲೆ ಪಾತ್ರೆ ತೊಳೆಯೋರು ಯಾರು, ಅದೂ ಬರಬೇಕು."

"ಅಷ್ಟುದ್ದ ಯಾಕೆ ಅಯ್ನೋರೆ? ದತ್ತಿಯಮ್ಮ ಮಣಿಕಟ್ಟು ಹಿಡಿದು ನೋಡ್ತಾರೆ. ಕೈಗೆ ಕಷ್ಟ ತಾಗ್ತದೆ. ಕಣ್ಣಲ್ಲಿ ನೀರು ಬತ್ತದೆ. ಮೆಟ್ಲು ಬತ್ತದೆ. ಮಿಕ್ಕಿದ್ದೆಲ್ಲ ಒಗ್ಗರಣೆ."

"ನಿನಗೇನು ಕಷ್ಟ ಇದೆಯೋ, ಕಲ್ಲು ತಿಂದು ಅರಗಿಸೋನಿಗೆ?"

"ಇಲ್ಲ. ಅದಕ್ಕೇ ತತ್ತೀನಿ" ಎಂದು ಎದ್ದುಹೋದವನು ಬೀದಿಯ ಆ ತುದಿಯಿಂದ ಶುರುಮಾಡಿದ. ತಿಮ್ಮಯ್ಯನ ದಮ್ಮು ತಂದ. ಬೋರಮ್ಮನ ಹಲ್ಲುನೋವು ತಂದ. ಮೇಷ್ಟ್ರ ಅರೆತಲೆನೋವು ತಂದ. ಯಾರ ಹತ್ತಿರ ಏನೂ ಇಲ್ಲವೋ ಅವರಿಂದ ಸಣ್ಣಪುಟ್ಟ ಚಿಂತೆಗಳನ್ನು ತಂದ. ಕೊನೆಗೆ ಗುಡಿಗೂ ಬಂದು, ಮಂಗಳಾರತಿಯ ಹೊತ್ತಿಗೆ ಸರಿಯಾಗಿ ನನ್ನನ್ನು ಹಿಡಿಯುವ ಸೀನನ್ನೂ ಕೇಳಿದ. ಮೆಟ್ಟಿಲಿಗೂ ಸೀನಿಗೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಮಣಿಕಟ್ಟು ಮುಂದೆ ಚಾಚಿದೆ. ಅಂದು ಸಂಜೆ ಕರ್ಪೂರ ಉರಿದು ಆರುವ ತನಕ ಸ್ವಾಮಿಯನ್ನು ಕಣ್ತುಂಬ ನೋಡಿದೆ.

ಮಂಜು ಕರಗುವ ಹೊತ್ತಿಗೆ ದತ್ತಿಯಮ್ಮ ಬಂದು ಚಾವಡಿಯಲ್ಲಿ ಕೂತರು. ಗಿಡ್ಡನೆಯ ಹೆಂಗಸು, ದಪ್ಪ ಕನ್ನಡಕ. ಬಿನ್ನಹ ತೀರ್ಮಾನವಾಗುವ ತನಕ ಯಾರ ಮನೆಯ ಕಾಫಿಯನ್ನೂ ಮುಟ್ಟುವುದಿಲ್ಲವೆಂದು ತಮ್ಮ ನೀರಿನ ತಂಬಿಗೆಯನ್ನು ತಾವೇ ತಂದಿದ್ದರು.

ಹಾಲಪ್ಪ ನಡೆದು ಬರುವ ಸ್ಥಿತಿಯಲ್ಲಿರಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಮುಂದಿನ ಕಾಲುಗಳನ್ನು ಹಿಡಿದವನು ಯಾರು? ದಮ್ಮಿನ ತಿಮ್ಮಯ್ಯ! ಒಂದಿಷ್ಟೂ ಏದುಸಿರಿಲ್ಲದೆ, ಬಾಯಲ್ಲಿ ಬೀಸುವ ಪದ ಬೇರೆ. ಪಕ್ಕದಲ್ಲಿ ಬೋರಮ್ಮ ಕೋಡುಬಳೆ ಕಟಕಟನೆ ಕಡಿಯುತ್ತ ಬಂದಳು. ಬೆಳಕಿಗೆ ಹೆದರಿ ಸದಾ ಕೊಡೆಯ ಕೆಳಗಿರುತ್ತಿದ್ದ ಮೇಷ್ಟ್ರು ಬರೀ ತಲೆಯಲ್ಲಿ ಬಿಸಿಲಿಗೆ ಮುಖವೊಡ್ಡಿ ನಿಂತರು. ಊರಿಗೆ ಊರೇ ಮದುವೆಯ ದಿಬ್ಬಣದಂತಿತ್ತು.

ಹಾಲಪ್ಪ ಕೈಮುಗಿದ. "ತಾಯೀ, ನಮ್ಮ ಊರು ಬಾಳಾ ಕಷ್ಟ..." ಎಂದ. ಅಷ್ಟರಲ್ಲಿ ದಮ್ಮು ಹತ್ತಿತು. ದಮ್ಮು ಇಳಿಯುವಷ್ಟರಲ್ಲಿ ಹಲ್ಲು ಹಿಡಿಯಿತು. ದವಡೆ ಒತ್ತಿಕೊಂಡು "ಹಳ್ಳದ ದಡದಾಗೆ..." ಎನ್ನುವಾಗ ನನ್ನ ಸೀನು ಬಂತು. ಮೆಟ್ಟಿಲು ಎಂಬ ಶಬ್ದದ ತನಕ ಅವನು ಕೊನೆಗೂ ತಲುಪಲಿಲ್ಲ.

ದತ್ತಿಯಮ್ಮ ಅವನ ಮಣಿಕಟ್ಟು ಹಿಡಿದವರು ಕೆಂಡ ಮುಟ್ಟಿದಂತೆ ಕೈ ತೆಗೆದರು. ಕನ್ನಡಕ ಸರಿಮಾಡಿಕೊಂಡು ಸುತ್ತ ನಿಂತವರನ್ನು ಒಮ್ಮೆ ನೋಡಿದರು. "ಹಳ್ಳಕ್ಕೆ ಬಟ್ಟೆ ತಗೊಂಡು ಹೋಗೋರು ಯಾರು ನಿಮ್ಮಲ್ಲಿ?"

"ನಾನು!" ಸಾಕವ್ವ ಮುಂದೆ ಬಂದಳು.

"ಇಳಿಯೋಕೆ ಕಷ್ಟವಾಗಲ್ವಾ?"

ನಾನು ಗುಂಪಿನ ಹಿಂದಿನಿಂದ ಕಣ್ಣು, ಹುಬ್ಬು, ತಲೆ ಎಲ್ಲ ಆಡಿಸಿದೆ. ಅವಳು ನೋಡಲಿಲ್ಲ. "ಕಷ್ಟವಾ! ಇವತ್ತು ಬೆಳಿಗ್ಗೆ ಜಿಂಕೆ ಥರ ಇಳಿದ್ನಲ್ಲವ್ವ. ಬನ್ನಿ, ತೋರುಸ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಚಾವಡಿಯ ಜಗುಲಿಯಿಂದ ಕೆಳಗೆ ಹಾರಿಯೇಬಿಟ್ಟಳು.

ದತ್ತಿಯಮ್ಮ ತಂಬಿಗೆಯ ಬಾಯಿ ಮುಚ್ಚಿದರು. "ಈ ಊರಿಗೆ ಏನೂ ಕಡಿಮೆಯಿಲ್ಲ. ಈ ಮನುಷ್ಯರಿಗೆ ಒಬ್ಬ ವೈದ್ಯರು ಬೇಕು. ನಮ್ಮ ದತ್ತಿಯಲ್ಲಿ ವೈದ್ಯರನ್ನ ಕೊಡಲ್ಲ."

ಬೋರಮ್ಮನ ಬಾಯೊಳಗಿನ ಕೋಡುಬಳೆ ನಿಂತಿತು. ನಾನು ಮುಂದೆ ಹೋಗಿ ಕೈಮುಗಿದೆ. "ಅಮ್ಮಾ, ನಾಳೆ ಬೆಳಿಗ್ಗೆ ತಾವು ಹೊರಡೋ ಮುಂಚೆ ಇನ್ನೊಂದು ಸಲ ಕೇಳಬೇಕು."

ಅವರು ನನ್ನನ್ನೇ ದಿಟ್ಟಿಸಿದರು. ಇಂಥ ಊರುಗಳನ್ನು ಕಂಡವರೇ ಇರಬೇಕು. "ಕೇಳ್ತೀನಿ. ಆದ್ರೆ ಒಬ್ಬೊಬ್ಬರೂ ತಮ್ಮ ತಮ್ಮದನ್ನ ತಗೊಂಡು ಬರಲಿ. ಎರವಲು ಒಡವೆ ನೋಡಿ ನಾನು ಹೆಣ್ಣು ಒಪ್ಪೋದಿಲ್ಲ."

ಹಾಲಪ್ಪ ಪಂಚೆಯ ತುದಿಯಲ್ಲಿ ಬೆಲ್ಲ ಕಟ್ಟಿಕೊಂಡು ಆಗಲೇ ವಾಪಸು ಮಾಡಲು ಹೊರಟ. ಕುಂಟುತ್ತ, ಕೆಮ್ಮುತ್ತ, ಒಂದು ಕಣ್ಣು ಮುಚ್ಚಿಕೊಂಡು. ಅವನು ಬರುವ ಸದ್ದು ಕೇಳಿ ಬೀದಿಯ ಬಾಗಿಲುಗಳು ಒಂದರ ಹಿಂದೊಂದು ಹಾಕಿಕೊಂಡವು. ಬೋರಮ್ಮ ಕಿಟಕಿಯಿಂದಲೇ "ನಾನು ತವರಿಗೆ ಹೋಗಿದೀನಿ" ಎಂದಳು. ಮೇಷ್ಟ್ರು "ಗುರುವಾರ ಬಾ, ದಿನ ಚೆನ್ನಾಗಿದೆ" ಎಂದರು. ತಿಮ್ಮಯ್ಯನಂತೂ ಹುಣಿಸೇಮರ ಹತ್ತಿ ಕೂತಿದ್ದ.

"ಇಳಿಯೋ ತಿಮ್ಮ, ನಿಂದು ನೀನು ತಗೊಳ್ಳೋ!"

"ಚಿಕ್ಕ ಹುಡುಗ ಆಗಿದ್ದಾಗ ಹತ್ತಿದ್ದು ಕಣೋ ಹಾಲಪ್ಪ, ಈ ಮರಾನ. ಒಂದು ಗಳಿಗೆ ಇರ್ತೀನಿ ಬಿಡೋ. ಮೇಲಿಂದ ಊರು ಎಷ್ಟು ಚೆಂದ ಕಾಣ್ತದೆ ಗೊತ್ತಾ!"

ಹಾಲಪ್ಪ ಗುಡಿಗೆ ಬಂದ. ನಾನೆಲ್ಲಿದ್ದೆ? ಗರ್ಭಗುಡಿಯ ಬಾಗಿಲ ಹಿಂದೆ. ಜಪ ಮಾಡುತ್ತಿದ್ದೆನೆಂದು ಬೇರೆಯವರಿಗೆ ಹೇಳಬಹುದಿತ್ತು, ಆದರೆ ಸ್ವಾಮಿ ಅಲ್ಲೇ ನಿಂತಿದ್ದ. ಹಾಲಪ್ಪ ಕರೆಯಲಿಲ್ಲ. ಕಂಬಕ್ಕೆ ಒರಗಿ ಕೂತು ಸೀನಿದ. ಅದು ನನ್ನದೇ ಸೀನು, ಮೊದಲು ಸಣ್ಣದಾಗಿ ಕೇಳಿಕೊಂಡು ಆಮೇಲೆ ಬಾಗಿಲು ಒದೆಯುವಂಥದ್ದು. ನಮ್ಮ ಕರು ಬೇರೆಯವರ ಕೊಟ್ಟಿಗೆಯಲ್ಲಿ ಕೂಗಿದ ಹಾಗಾಯಿತು. ಹೊರಗೆ ಬಂದು ಮಣಿಕಟ್ಟು ಚಾಚಿದೆ. "ತಗೊಳ್ಳಿ" ಎಂದ. "ತಗೊಂಡೆ" ಎಂದೆ. ಬೆಲ್ಲ ಬಾಯಿಗೆ ಹಾಕಿಕೊಂಡು ಒಂದು ಸಲ ಗಟ್ಟಿಯಾಗಿ ಸೀನಿದೆ. ಹಳೆಯ ಚಪ್ಪಲಿ ಮೆಟ್ಟಿದಂತೆ ಹಿತವಾಗಿತ್ತು.

"ಯಾರೂ ತಗೊಳ್ಳಲ್ಲ ಅಂತಾರೆ ಅಯ್ನೋರೆ. ಮೆಟ್ಲು ಹೋಯ್ತು."

"ಯಾಕೆ ತಗೊಳ್ಳಬೇಕು ಅಂತ ನೀನು ಹೇಳಿದೆಯಾ?"

"ನಿಮ್ದು ನೀವು ತಗೊಳ್ಳಿ ಅಂದೆ."

"ಅದು ಬಿನ್ನಹವೇನೋ? ಅದು ಗದರೋದು. ದತ್ತಿಯಮ್ಮನಿಗೆ ನಾಳೆ ಮಾಡೋದು ಇರಲಿ. ಇವತ್ತಿನ ಬಿನ್ನಹ ನಮ್ಮ ಬೀದಿಗೇ ಆಗಬೇಕು."

ಇಳಿಹೊತ್ತಿನಲ್ಲಿ ನಾನು ಗುಡಿಯ ಗಂಟೆ ಹೊಡೆದೆ. ಪುಳಿಯೋಗರೆ ಪ್ರಸಾದವಿದೆ ಎಂದೂ ಸಾರಿದೆ. ಬರಲೇಬೇಕಾಯಿತು. ತಿಮ್ಮಯ್ಯ ಮಾತ್ರ ಬರಲಿಲ್ಲ. ಆದರೆ ಅವನ ಮರ ಗುಡಿಯ ಎದುರಿಗೇ ಇತ್ತು.

ಹಾಲಪ್ಪ ಕಂಬ ಹಿಡಿದು ಎದ್ದ. ಈ ಸಲ ಸಂಕಲ್ಪದ ವರಸೆಯಲ್ಲಿಯೇ ಶುರುಮಾಡಿದ, ಪಾಪ. "ಇಲ್ಲಿ ಕೂತಿರೋರು ಯಾರು ಅಂದ್ರೆ ನಾವೇ. ಈ ಹಳ್ಳದ ಬೀದಿಯೋರು. ಕಾಲ ಯಾವುದು ಅಂದ್ರೆ, ಇನ್ನೆರಡು ಹಬ್ಬ ಕಳೆದ್ರೆ ಮಳೆ. ಬೇಕಾಗಿರೋದು ಏನು ಅಂದ್ರೆ ಮೆಟ್ಲು. ಯಾಕೆ ಬೇಕು..." ಇಲ್ಲಿ ಅವನಿಗೆ ದಮ್ಮು ಹತ್ತಿತು. ಕಾದೆವು. ಉಸಿರು ಬಂದ ಮೇಲೆ ಅವನು ಕತ್ತೆತ್ತಿ ಮರದ ಕಡೆ ನೋಡಿದ. "ತಿಮ್ಮಾ, ನಿನ್ನ ದಮ್ಮು ಇಟ್ಕಂಡು ನಿನ್ನೆ ರಾತ್ರಿ ಮಲಗಕ್ಕೇ ಆಗಲಿಲ್ಲ ಕಣೋ. ಕೂತೇ ಇದ್ದೆ. ನೀನು ಇಷ್ಟು ವರ್ಷ ಹಿಂಗೇ ಕೂತಿರ್ತಿದ್ದೆ ಅಂತ ಒಂದಿನಾನಾದ್ರೂ ಹೇಳಿದ್ದೀಯಾ? ಬೆಳಿಗ್ಗೆ ಎದ್ದು ಪದ ಹೇಳ್ಕಂಡು ಬರ್ತಿದ್ದೆ, ಇವನು ಸೋಮಾರಿ, ಭಾರ ಎತ್ತಲ್ಲ ಅಂತ ನಾನು ಬೈತಿದ್ದೆ. ಬೋರಕ್ಕ, ಈ ಹಲ್ಲು ಇಟ್ಕಂಡು ಎಲ್ರಿಗೂ ಅಡಿಗೆ ಮಾಡಿ ಬಡುಸ್ತಿದ್ದೆಯಾ? ನಾನು ಎಲ್ಲಾದ್ನೂ ಒಬ್ನೇ ಹೊತ್ತು ದೊಡ್ಡ ಬಿನ್ನಹ ಮಾಡ್ತೀನಿ ಅಂದ್ಕಂಡೆ. ಹೊತ್ರೆ ಬಾಯಿಗೆ ಮಾತೇ ಬರಲ್ಲ. ನಿಮ್ ನಿಮ್ದು ನಿಮ್ ಬಾಯಲ್ಲೇ ಬರಬೇಕು. ನನ್ ಕೈಲಾಗೋದು ಹೇಳ್ತೀನಿ. ಕಲ್ಲು ಎಳೆಯೋಕೆ ನನ್ ಗಾಣದ ಎತ್ತು ಬಿಡ್ತೀನಿ, ಮೆಟ್ಲು ಮುಗಿಯೋ ತನಕ ಗಾಣ ನಿಂತ್ರೆ ನಿಲ್ಲಲಿ. ಮೆಟ್ಲಾದ್ರೆ ಯಾರ ಕಾಲಿಗೆ ಅಂತ ನಾನು ಹೇಳಬೇಕಾ?"

ಮರದಿಂದ ಒಂದು ಕಾಲು ಇಳಿಯಿತು, ಇನ್ನೊಂದು ಕಾಲು ಇಳಿಯಿತು. ತಿಮ್ಮಯ್ಯ ಬಂದು ಮಣಿಕಟ್ಟು ಚಾಚಿದ. "ಕೊಡು ಮಾರಾಯ. ಇಷ್ಟೊಂದು ಹೊಗಳಿದ ಮೇಲೆ ಇನ್ನೇನು ಮಾಡಲಿ" ಎಂದ. ಮರುಗಳಿಗೆಯಲ್ಲಿ ಅವನ ಎದೆಯ ಹಳೆಯ ಸೀಟಿ ಹೊಡೆಯಿತು. ಬೋರಮ್ಮ ಉಳಿದಿದ್ದ ಕೋಡುಬಳೆಯನ್ನು ಓರಗಿತ್ತಿಯ ಕೈಗೆ ಕೊಟ್ಟು ಬಂದಳು. ಮೇಷ್ಟ್ರು "ಇವತ್ತೂ ದಿನ ಪರವಾಗಿಲ್ಲ" ಎಂದು ಕೊಡೆ ಬಿಚ್ಚಿಕೊಂಡೇ ಬಂದರು. ದೀಪ ಹಚ್ಚುವುದರೊಳಗೆ ಬೆಲ್ಲ ಮುಗಿಯುತ್ತ ಬಂತು.

ಕೊನೆಗೆ ಸಾಕವ್ವ. "ಮಂಡಿದು ಕೊಡಪ್ಪ" ಎಂದಳು. ಕೊಟ್ಟ. "ಅಕ್ಕ, ಇನ್ನೊಂದು..." ಎಂದ ಹಾಲಪ್ಪ. ಅವಳು ಆಗಲೇ ಗೋಡೆ ಹಿಡಿದು "ರಾಮಾ" ಎನ್ನುತ್ತ ಹೊರಟಿದ್ದಳು. ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ.

ಮರುದಿನ ಚಾವಡಿಯಲ್ಲಿ ಒಬ್ಬೊಬ್ಬರದೂ ಮಣಿಕಟ್ಟು ನೋಡುತ್ತ ದತ್ತಿಯಮ್ಮ ಕೇಳಿದ್ದಕ್ಕೆ ನಮ್ಮವರು ಉತ್ತರ ಹೇಳಿದರು. ಎತ್ತು ಹಾಲಪ್ಪನದು. ಗಾರೆ ಕಲಸುವುದು ಗಂಡಸರದು. "ನೀನೇನಪ್ಪ ಮಾಡ್ತೀಯ, ನಿನಗೆ ಉಸಿರೇ ಇಲ್ಲ" ಎಂದಾಗ ತಿಮ್ಮಯ್ಯ, "ಉಸುರು ಇರೋವಷ್ಟು ಹೊತ್ತು ಕೆಲಸದೋರಿಗೆ ಪದ ಹೇಳ್ತೀನಿ ತಾಯಿ, ಇಲ್ಲದಾಗ ಬೈತೀನಿ" ಎಂದ. ಮೆಟ್ಟಿಲಿಗೆ ಪಾಚಿ ಕಟ್ಟಿದರೆ ಉಜ್ಜುವವರು ಯಾರು ಎಂದದ್ದಕ್ಕೆ ಬೋರಮ್ಮ, "ನಮ್ಮನೇಲಿ ಹಲ್ಲುನೋವಿಗೇ ಸರದಿ ಐತೆ, ಪಾಚಿಗೆ ಇರಲ್ವಾ?" ಎಂದಳು. ದತ್ತಿಯಮ್ಮ ಮೊದಲ ಸಲ ನಕ್ಕರು.

ಸಾಕವ್ವನ ಮಣಿಕಟ್ಟು ಹಿಡಿದು ಬಹಳ ಹೊತ್ತು ಬಿಡಲಿಲ್ಲ. "ಈ ಮಂಡಿ ಇಟ್ಟುಕೊಂಡು ಆ ದಡದಲ್ಲಿ ಒಬ್ಬರೇ ಇಳೀತೀರಾ?"

"ಮುಂಚೆ ಒಬ್ಬಳೇ ಇಳೀತಿರಲಿಲ್ಲ. ನನ್ನ ಗಂಡ ಕೆಳಗೆ ನಿಂತು ಕೈ ಕೊಡ್ತಿದ್ದ. ಈಗಿಲ್ಲ." ಸಂತೆಗೆ ಹೋಗುವ ಗಾಡಿ ಆಗಲೇ ಹೊರಟುಹೋಯಿತು ಎನ್ನುವಷ್ಟು ತಣ್ಣಗೆ ಹೇಳಿದಳು.

ಹಿಂದೆ ಕಂಬದ ಹತ್ತಿರ ಯಾರೋ ಬಿಕ್ಕಿದರು. ಎಲ್ಲರೂ ತಿರುಗಿದೆವು. ಹಾಲಪ್ಪ ಅಷ್ಟು ದೊಡ್ಡ ಮೈಯನ್ನು ಕಂಬದ ಮರೆಗೆ ಸೇರಿಸಲಾಗದೆ, ಹೆಗಲವಸ್ತ್ರ ಬಾಯಿಗೆ ತುರುಕಿಕೊಂಡು ಅಳುತ್ತಿದ್ದ.

"ಇವರ ಹತ್ರ ಇನ್ನೂ ಒಂದು ಬಾಕಿ ಇರೋ ಹಾಗಿದೆ" ಎಂದರು ದತ್ತಿಯಮ್ಮ.

"ಅಕ್ಕ ವಾಪಸು ಕೇಳಲಿಲ್ಲ ತಾಯಿ" ಎಂದ ಹಾಲಪ್ಪ. "ನಗ್ತಾ ಇದಾರಲ್ಲ, ಹೆಂಗೆ ಕೊಡ್ಲಿ?"

"ಅದು ನಿಮ್ಮ ನಿಮ್ಮಲ್ಲಿ. ನನ್ನ ದತ್ತಿಗೆ ಸೇರಿದ್ದಲ್ಲ." ಅವರು ತಂಬಿಗೆ ಪಕ್ಕಕ್ಕಿಟ್ಟು ಬೋರಮ್ಮನ ಕಡೆ ನೋಡಿದರು. "ಕಾಫಿ ಇದೆಯೇನಮ್ಮಾ?"

ಹೀಗೆ ನಮಗೆ ಮೆಟ್ಟಿಲು ಬಂತು. ಚಪ್ಪಡಿಗಳು ಬಂದವು, ಕಲ್ಲುಕುಟಿಗರು ಬಂದರು, ಎತ್ತುಗಳು ಎಳೆದವು, ತಿಮ್ಮಯ್ಯ ಹಾಡಿದ, ಬೈದ. ಹಾಲಪ್ಪನ ಹೆಂಡತಿ ಮಾತ್ರ ಒಂದು ದಿನ ಮುಖ ಊದಿಸಿಕೊಂಡು ಗುಡಿಗೆ ಬಂದಳು. "ನಮ್ಮೋರು ಯಾರಿಗೋಸ್ಕರ ನಿಟ್ಟುಸಿರು ಬಿಡ್ತಾವ್ರೆ ಅಯ್ನೋರೆ? ಕೇಳುದ್ರೆ ಕೆಂಚಣ್ಣ ಅಂತಾರೆ. ಯಾವಳಾದ್ರೂ ಹೆಂಗಸಿನ ಹೆಸರು ಹೇಳಿದ್ರೆ ಜಗಳ ಆದ್ರೂ ಆಡ್ತಿದ್ದೆ."

ಅದೇ ಸಂಜೆ ಹಾಲಪ್ಪ ಬಂದು ನನ್ನ ಪಕ್ಕ ಕೂತ. "ಗಂಡ ಸತ್ತಂಗಾಗೈತೆ ಅಯ್ನೋರೆ ನಂಗೆ" ಎಂದ. ನಗು ತಡೆದುಕೊಂಡೆ. ಅವನು ನಗಲಿಲ್ಲ. "ಆ ಮನುಷ್ಯ ಬಟ್ಟೆ ಹಿಂಡುವಾಗ ಒಂದು ರಾಗ ಎಳೀತಿದ್ದ. ಮೇಲಿಂದ ಅಕ್ಕ ಇಳಿಯೋದು ಕಂಡ್ರೆ ರಾಗ ನಿಲ್ಲಿಸಿ ಕೈ ಚಾಚ್ತಿದ್ದ. ಕೆಂಚಣ್ಣನ ಹತ್ರ ನಾನು ನಾಲ್ಕು ಮಾತು ಆಡಿದೋನಲ್ಲ. ಇವಾಗ ಅವನು ಕೈ ಚಾಚೋದು ನಂಗೆ ಕಾಣ್ತದೆ. ಇಂಥದ್ದನ್ನ ಎಷ್ಟು ದಿನ ಅಂತ ಇಟ್ಕಳ್ಳಿ? ಭಾರ ಅಂತಲ್ಲ. ನಂದಲ್ವಲ್ಲ."

ಸಾಕವ್ವನೂ ಒಮ್ಮೆ ಬಂದಿದ್ದಳು. "ಸಂಜೆ ಕಾಫಿ ಬಸುದ್ರೆ ಎರಡು ಲೋಟ ಇಡ್ತೀನಿ. ಇನ್ನೊಂದು ಯಾಕಿಟ್ಟೆ ಅಂತ ನೋಡ್ತೀನಿ. ಗೊತ್ತು, ಅವನಿಗೇ ಅಂತ. ಗೊತ್ತಾದ್ರೂ ಒಳಗೆ ಏನೂ ಅಲ್ಲಾಡಲ್ಲ ಅಯ್ನೋರೆ. ತುಳಸಿಗೆ ಸುರಿದುಬುಡ್ತೀನಿ. ಹಗುರ ಐತೆ, ಆದ್ರೆ ಮನೇಲಿ ಯಾರೂ ಇಲ್ಲದಂಗೆ ಐತೆ." ನಾನು ಅವಳ ಕೈಗೆ ತೀರ್ಥ ಕೊಟ್ಟೆ.

ಮೆಟ್ಟಿಲು ಮುಗಿದ ಬೆಳಿಗ್ಗೆ ನಾನು ಹೋಗಿ ಅರಿಸಿನದ ನೀರು ಚಿಮುಕಿಸಿ, ಕಾಯಿ ಒಡೆದು, ಮಂಗಳಾರತಿ ಎತ್ತಿ, ಸರಿಯಾದ ಹೊತ್ತಿಗೆ ಸೀನಿದೆ. ಎಲ್ಲರೂ ನಕ್ಕರು. ಹೆಂಗಸರು ಇಳಿದರು, ಹತ್ತಿದರು, ಮತ್ತೆ ಇಳಿದರು. ಜನ ಚದುರಿದ ಮೇಲೆ ಸಾಕವ್ವ ಬಟ್ಟೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನೀರಿನ ಹತ್ತಿರದ ಮೆಟ್ಟಿಲ ಮಧ್ಯದಲ್ಲಿ ಕೂತಿದ್ದಳು. ಮೇಲೆ ಎತ್ತುಗಳ ಕೊರಳ ಹಗ್ಗ ಬಿಚ್ಚುತ್ತಿದ್ದ ಹಾಲಪ್ಪ ನಿಧಾನವಾಗಿ ಇಳಿದು ಬಂದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತ.

ಅವಳು ಅವನನ್ನು ನೋಡಲಿಲ್ಲ, ನೀರನ್ನೇ ನೋಡುತ್ತಿದ್ದಳು. "ನಂದೊಂದು ನಿನ್ನ ಹತ್ರ ಉಳಕೊಂಡೈತಲ್ಲೋ ಹಾಲಪ್ಪ" ಎಂದಳು. ಮಣಿಕಟ್ಟು ಮುಂದೆ ಬಂತು.

ಹಾಲಪ್ಪ ಪಂಚೆಯ ಗಂಟು ಬಿಚ್ಚಿದ. ಅಷ್ಟು ದಿನವೂ ಅಲ್ಲೇ ಇದ್ದ ಬೆಲ್ಲದ ಚೂರು ಕಪ್ಪಾಗಿತ್ತು. ಅದನ್ನು ಅವಳ ಅಂಗೈಯಲ್ಲಿಟ್ಟು ಮಣಿಕಟ್ಟು ಹಿಡಿದ. "ತಗೊಳ್ಳಕ್ಕ" ಎಂದ. ಅವಳ ಉತ್ತರ ನನಗೆ ಕೇಳಿಸಲಿಲ್ಲ. ಹಾಲಪ್ಪ ಎತ್ತುಗಳನ್ನು ಹೊಡೆದುಕೊಂಡು ಬೇರೆ ದಾರಿಯಿಂದ ಹೋದ.

ಸಾಕವ್ವ ಆ ಕಪ್ಪು ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟೆಯ ಗಂಟನ್ನು ಎತ್ತಿಕೊಂಡು, ಮೆಟ್ಟಿಲ ಮಧ್ಯದಿಂದ ಒಂದು ಪಕ್ಕಕ್ಕೆ ಸರಿದು ಕೂತಳು, ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.